ಭೂಮಿ ಯೋಜನೆಯಲ್ಲಿ ಬೆರಳಚ್ಚಿನ ಗುರುತು

ಕರ್ನಾಟಕದ ಗಣಕೀಕೃತ ಭೂದಾಖಲೆ ವ್ಯವಸ್ಥೆಯಾದ ‘ಭೂಮಿ’ಯಲ್ಲಿ, ಪಹಣಿಯನ್ನು (ಜಮೀನಿನ ಹಕ್ಕುದಾಖಲೆ) ತಿದ್ದುವ ನೌಕರ ಯಾರೆಂಬುದನ್ನು ಬೆರಳಚ್ಚಿನಿಂದ ಖಚಿತಪಡಿಸಿಕೊಳ್ಳುವ ಪದ್ಧತಿ.

ವಂಶಪಾರಂಪರ್ಯ ಶಾನುಭೋಗಿಕೆ (ಊರಿನ ಲೆಕ್ಕ ಬರೆಯುವ ಹುದ್ದೆ) 1963ರಲ್ಲಿ ಕೊನೆಗೊಂಡ ಮೇಲೆ ಪಹಣಿ ಪುಸ್ತಕಗಳು ಗ್ರಾಮ ಲೆಕ್ಕಿಗರ ವಶಕ್ಕೆ ಬಂದವು. ರಾಜ್ಯದಲ್ಲಿ ಅವರು ಸುಮಾರು 9,000 ಮಂದಿ ಇದ್ದರು. ಒಬ್ಬೊಬ್ಬರಿಗೂ ಹಲವು ಊರುಗಳು. ಉದಾಹರಣೆಗೆ, ಹಾಸನ ಜಿಲ್ಲೆಯ ಸಕಲೇಶಪುರದ ಹಾನುಬಾಳು, ಹೆತ್ತೂರು, ಯಸಳೂರು ಹೋಬಳಿಗಳಲ್ಲಿ, ಆಲೂರಿನ ಕೆಂಚಮ್ಮನ ಹೊಸಕೋಟೆ ಕಡೆಯಲ್ಲಿ ಮನೆಗಳು ಕಾಫಿ ತೋಟಗಳ ನಡುವೆ ಚದುರಿವೆ. ಇಂಥ ಕಡೆ ಬೆಳೆಸಾಲಕ್ಕೊಂದು ಪಹಣಿ ಬೇಕೆಂದರೂ ಲೆಕ್ಕಿಗರು ಎಲ್ಲಿದ್ದಾರೆಂದು ಹುಡುಕಿಕೊಂಡು ಹೋಗಬೇಕಿತ್ತು. ಅದಕ್ಕಿಂತ ದೊಡ್ಡ ತೊಂದರೆ ಬೇರೆ: ಕೈಬರಹದ ಪುಸ್ತಕದಲ್ಲಿ ಹೆಸರೊಂದು ಬದಲಾದರೆ, ಬದಲಿಸಿದವರು ಯಾರೆಂದು ತೋರಿಸಿಕೊಡುವುದು ಕಷ್ಟವಾಗಿತ್ತು.

2000ದ ಆಸುಪಾಸಿನಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ ಕಂದಾಯ ಇಲಾಖೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳಾಗಿದ್ದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪ್ರತಿಗೆ ಮಾನ್ಯತೆ ಹೋಯಿತು. ಜನ ಹೆಚ್ಚಾಗಿ ನೆನೆಯುವುದು ಆ ಕಿಟಕಿಯನ್ನು. ಆದರೆ ಯೋಜನೆಯ ನಿಜವಾದ ಗಟ್ಟಿತನ ಒಳಗೆ ನೌಕರರ ಬೆರಳಗುರುತು ಓದುವ ಯಂತ್ರದಲ್ಲಿತ್ತು. ಪಾಸ್‌ವರ್ಡನ್ನು ಸಹೋದ್ಯೋಗಿಗೆ ಹೇಳಿಬಿಡಬಹುದು, ಆಮೇಲೆ ‘ನಾನು ಮಾಡಿದ್ದಲ್ಲ’ ಎನ್ನಬಹುದು. ಬೆರಳಿಟ್ಟು ಒಳಹೋದವರಿಗೆ ಆ ದಾರಿಯಿಲ್ಲ. ಖಾತೆ ಬದಲಾವಣೆಯ ಸಹಿಯಾದ ಆದೇಶಗಳನ್ನೂ ಸ್ಕ್ಯಾನ್ ಮಾಡಿ ಇಡಲಾಯಿತು. ಅರ್ಜಿಗಳಿಗೆ ಸರದಿ ನಿಗದಿಯಾದ್ದರಿಂದ ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುವುದೂ ಸುಲಭವಾಗಿ ಉಳಿಯಲಿಲ್ಲ.

    

ಬೆರಳಚ್ಚು ಹೇಳುವುದು ಯಾರು ಬರೆದರೆಂಬುದನ್ನು ಮಾತ್ರ, ಬರೆದದ್ದು ಸರಿಯೇ ಎಂಬುದನ್ನಲ್ಲ. ಹಳೆಯ ಪುಸ್ತಕದ ತಪ್ಪುಗಳು ಕಂಪ್ಯೂಟರಿಗೂ ದಾಟಿದವು. ತೀರಿಕೊಂಡ ಹಿರಿಯರ ಹೆಸರಿನಲ್ಲೇ ಉಳಿದ ಪಹಣಿಗೆ ಪೌತಿ ಖಾತೆ, ಒಂದೇ ಸರ್ವೆ ನಂಬರಿನಲ್ಲಿ ಬೆಸೆದುಕೊಂಡ ಹಿಡುವಳಿಗೆ ಪೋಡಿ ದುರಸ್ತಿ ಆಗಲೇಬೇಕು. ಅದಕ್ಕೆ ಭೂಮಾಪಕರು ಸ್ಥಳಕ್ಕೆ ಬರಬೇಕು, ವಾರಸುದಾರರು ಒಪ್ಪಬೇಕು. ಪಹಣಿಗೆ ಮಾಲೀಕರ ಆಧಾರ್ ಜೋಡಿಸುವ ಕೆಲಸ 2024ರಲ್ಲಿ ರಾಜ್ಯದಾದ್ಯಂತ ನಡೆಯಿತು. ತಿದ್ದುವ ನೌಕರನಿಗೆ ಮಾತ್ರ ಇದ್ದ ಗುರುತಿನ ಪರೀಕ್ಷೆ ಹೀಗೆ ಜಮೀನಿನ ಒಡೆಯರವರೆಗೂ ಬಂದಿದೆ.