ದೀಪಕ್ಕೆ ಕಾವಲು ಯಾರು?

“ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು” ಎಂಬ ಗಾದೆ ನಮ್ಮಲ್ಲಿ ಹಳೆಯದು. ವಿದ್ಯುಚ್ಛಕ್ತಿಯ ವ್ಯವಸ್ಥೆಗೆ ಕಾವಲು ಹಾಕಿದ ಚರಿತ್ರೆಯನ್ನು ನೋಡಿದರೆ, ಈ ಗಾದೆಯನ್ನು ಅದರ ಪ್ರತಿಯೊಂದು ಅಧ್ಯಾಯಕ್ಕೂ ತಲೆಬರಹವಾಗಿ ಇಡಬಹುದು. ನಾಡು ಕತ್ತಲಲ್ಲಿ ಮುಳುಗಿದ ಮೇಲೆ ಸಮಿತಿ. ಸಮಿತಿಯ ವರದಿ ಬಂದ ಮೇಲೆ ಕಾನೂನು. ಕಾನೂನು ಜಾರಿಗೆ ಬರುವ ಹೊತ್ತಿಗೆ ವ್ಯವಸ್ಥೆಯೇ ಬದಲಾಗಿ, ಕಾವಲಿಲ್ಲದ ಇನ್ನೊಂದು ಬಾಗಿಲು ತೆರೆದಿರುತ್ತದೆ. ಅರವತ್ತು ವರ್ಷಗಳಿಂದ ನಡೆದುಬಂದಿರುವ ಈ ಕತೆಯನ್ನು ಸ್ಥೂಲವಾಗಿ ಹೇಳುವುದು ಇಲ್ಲಿನ ಉದ್ದೇಶ. ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿದವರಿಗೂ, ಗೋಡೆಯ ಮೇಲೆ ಸ್ಮಾರ್ಟ್ ಮೀಟರು ಬಂದು ಕುಳಿತವರಿಗೂ ಇದು ದೂರದ ಕತೆಯಲ್ಲ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲದ ಸ್ವಿಚ್ಚು ಕೈಯಿಂದ ಎಳೆಯಬೇಕಾದ ವಸ್ತು. ಎಳೆಯುವವನು ಅದರ ಎದುರಿಗೇ ನಿಲ್ಲಬೇಕು. ಆದ್ದರಿಂದ ಬೇಲಿ, ಬೀಗ, ಕಾವಲುಗಾರ ಈ ಮೂರು ಇದ್ದರೆ ಸಾಕಾಗುತ್ತಿತ್ತು. ಕಾಲ ಕಳೆದಂತೆ ಎಲ್ಲ ದೇಶಗಳಲ್ಲಿಯೂ ಒಂದು ಊರಿನ ತಂತಿ ಇನ್ನೊಂದು ಊರಿಗೆ, ಒಂದು ಪ್ರಾಂತದ ತಂತಿ ಇನ್ನೊಂದು ಪ್ರಾಂತಕ್ಕೆ ಸೇರಿ ಗ್ರಿಡ್ ಎಂಬ ಮಹಾಜಾಲ ಹೆಣೆದುಕೊಂಡಿತು. ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬುವ ಅನುಕೂಲ ಇದರಿಂದ ಒದಗಿತು. ಅದರ ಜೊತೆಯಲ್ಲಿಯೇ ಒಂದು ಕಡೆಯ ತಪ್ಪು ಎಲ್ಲ ಕಡೆಗೂ ಹರಿಯುವ ದಾರಿಯೂ ಆಯಿತು.

ಆ ದಾರಿ ಎಷ್ಟು ಅಗಲವಾದದ್ದು ಎಂಬುದು 1965ರ ನವೆಂಬರ್ 9ರ ಸಂಜೆ ಗೊತ್ತಾಯಿತು. ಕೆನಡ ದೇಶದ ಆಂಟೇರಿಯೋದಲ್ಲಿ, ನಯಾಗರದ ಬಳಿಯ ಒಂದು ವಿದ್ಯುದಾಗಾರದ ಒಂದು ರಿಲೇ ಅನವಶ್ಯವಾಗಿ ಕೆಲಸ ಮಾಡಿ ಒಂದು ತಂತಿಯನ್ನು ಕಡಿಯಿತು. ಅದರ ಹೊರೆ ಪಕ್ಕದ ತಂತಿಗಳ ಮೇಲೆ ಬಿದ್ದು ಅವೂ ಕಡಿದವು. ಕೆಲವೇ ನಿಮಿಷಗಳಲ್ಲಿ ನ್ಯೂಯಾರ್ಕ್ ನಗರವೂ ಸೇರಿ ಸುಮಾರು ಮೂರು ಕೋಟಿ ಜನ ಕತ್ತಲಲ್ಲಿ ಉಳಿದರು. ಇದರ ಫಲವಾಗಿ 1968ರಲ್ಲಿ ಅಮೆರಿಕದ ವಿದ್ಯುತ್ ಸಂಸ್ಥೆಗಳು ಕೂಡಿ ಒಂದು ಮಂಡಲಿಯನ್ನು ಸ್ಥಾಪಿಸಿಕೊಂಡು ನಿಯಮಗಳನ್ನು ಬರೆದವು. ಆದರೆ ಆ ನಿಯಮಗಳು ಸ್ವಯಂಪ್ರೇರಿತ. ಪಾಲಿಸಿದವರಿಗೆ ಪುಣ್ಯ, ಪಾಲಿಸದವರಿಗೆ ದಂಡವಿಲ್ಲ. ಮೂವತ್ತೈದಕ್ಕೂ ಹೆಚ್ಚು ವರ್ಷ ಈ ಏರ್ಪಾಡು ಹೀಗೆಯೇ ನಡೆಯಿತು.

ಅಷ್ಟರಲ್ಲಿ ಸ್ವಿಚ್ಚನ್ನು ಎಳೆಯುವ ಕೈ ದೂರ ಸರಿದಿತ್ತು. ನಿಯಂತ್ರಣದ ಕೊಠಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರು ನೂರಾರು ಮೈಲಿಯಾಚೆಯ ಯಂತ್ರವನ್ನು ನಡೆಸುತ್ತಿದ್ದರು. 2003ರ ಆಗಸ್ಟ್ 14ರ ಮಧ್ಯಾಹ್ನ ಒಹಾಯೋ ಪ್ರಾಂತದ ಒಂದು ಸಂಸ್ಥೆಯಲ್ಲಿ, ಅಪಾಯ ಬಂದರೆ ಗಂಟೆ ಹೊಡೆಯಬೇಕಾದ ಕಂಪ್ಯೂಟರಿನ ವ್ಯವಸ್ಥೆ ಸದ್ದಿಲ್ಲದೆ ಕೆಟ್ಟುಹೋಯಿತು. ಹೊರಗೆ ತಂತಿಗಳು ಬೆಳೆದ ಮರಗಳಿಗೆ ತಗುಲಿ ಒಂದರ ಹಿಂದೆ ಒಂದು ಕಡಿಯುತ್ತಿದ್ದರೂ ಒಳಗೆ ಕುಳಿತವರಿಗೆ ಎಲ್ಲವೂ ಶಾಂತವಾಗಿ ಕಂಡಿತು. ಆ ದಿನ ಐದು ಕೋಟಿ ಜನರಿಗೆ ವಿದ್ಯುತ್ತು ತಪ್ಪಿತು. ಇದು ಶತ್ರುವಿನ ಕೃತ್ಯವಲ್ಲ. ಆದರೆ ನೋಡುವ ಕಣ್ಣು ಕಂಪ್ಯೂಟರೇ ಆದ ಮೇಲೆ, ಆ ಕಣ್ಣು ಮುಚ್ಚಿದರೆ ಏನಾಗುವುದೆಂಬುದು ಲೋಕಕ್ಕೆ ತಿಳಿಯಿತು. 2005ರಲ್ಲಿ ಅಮೆರಿಕದ ಶಾಸನಸಭೆ ಹಳೆಯ ನಿಯಮಗಳಿಗೆ ಕಾನೂನಿನ ಬಲ ಕೊಟ್ಟು, ಮೀರಿದವರಿಗೆ ದಿನವೊಂದಕ್ಕೆ 10 ಲಕ್ಷ ಡಾಲರುಗಳವರೆಗೆ ದಂಡ ವಿಧಿಸಲು ಅವಕಾಶ ಮಾಡಿತು. 2008ರ ಜನವರಿಯಲ್ಲಿ ಸೈಬರ್ ಭದ್ರತೆಯ ಕಡ್ಡಾಯ ನಿಯಮಗಳೂ ಒಪ್ಪಿಗೆ ಪಡೆದವು.

ಇದರ ನಡುವೆ 2007ರಲ್ಲಿ ಆ ದೇಶದ ಐಡಾಹೋ ಪ್ರಯೋಗಶಾಲೆಯಲ್ಲಿ ಒಂದು ಪರೀಕ್ಷೆ ನಡೆಯಿತು. ದೊಡ್ಡ ಡೀಸೆಲ್ ಜನರೇಟರೊಂದನ್ನು ಗ್ರಿಡ್ಡಿಗೆ ಜೋಡಿಸಿ, ಅದರ ಬ್ರೇಕರನ್ನು ದೂರದಿಂದ ಕಳಿಸಿದ ಆಜ್ಞೆಯ ಮೂಲಕ ಅಕಾಲದಲ್ಲಿ ತೆರೆದು ಮುಚ್ಚಿದರು. ಕೆಲವೇ ನಿಮಿಷಗಳಲ್ಲಿ ಆ ಯಂತ್ರ ನಡುಗಿ, ಹೊಗೆಯುಗುಳಿ ನಿರುಪಯುಕ್ತವಾಯಿತು. ಬರಿಯ ಅಕ್ಷರಗಳಿಂದ ಕಬ್ಬಿಣವನ್ನು ಮುರಿಯಬಹುದೆಂಬುದಕ್ಕೆ ಅದೇ ಸಾಕ್ಷಿ.

ಆದರೆ ಕಡ್ಡಾಯದ ನಿಯಮದಲ್ಲಿಯೂ ಎರಡು ಕೊರತೆಗಳಿದ್ದವು. ತಮ್ಮ ಆಸ್ತಿಗಳಲ್ಲಿ ಯಾವುವು ಅತಿಮುಖ್ಯವೆಂದು ಸಂಸ್ಥೆಗಳೇ ಗುರುತಿಸಿಕೊಳ್ಳಬೇಕಾಗಿತ್ತು. ಗುರುತಿಸಿದರೆ ಖರ್ಚು, ತನಿಖೆ, ದಂಡದ ಭಯ. 2009ರಲ್ಲಿ ಲೆಕ್ಕ ನೋಡಿದಾಗ, ಉತ್ತರ ಬರೆದುಕೊಟ್ಟ ಸಂಸ್ಥೆಗಳಲ್ಲಿ ಹೆಚ್ಚಿನವು ತಮ್ಮಲ್ಲಿ ಅಂಥದೊಂದೂ ಇಲ್ಲವೆಂದು ತಿಳಿಸಿದ್ದವು! ಮುಂದೆ ಈ ನಿರ್ಣಯವನ್ನು ಸಂಸ್ಥೆಗಳ ಇಷ್ಟಕ್ಕೆ ಬಿಡದೆ ನಿಯಮದಲ್ಲಿಯೇ ಅಳತೆಗೋಲನ್ನು ಬರೆಯಬೇಕಾಯಿತು. ಎರಡನೆಯ ಕೊರತೆ ಇನ್ನೂ ಮುಖ್ಯವಾದದ್ದು. ಆ ನಿಯಮಗಳು ಅನ್ವಯಿಸಿದ್ದು ದೊಡ್ಡ ವಿದ್ಯುದಾಗಾರಗಳಿಗೆ ಮತ್ತು ಹೆದ್ದಾರಿಗಳಂಥ ತಂತಿಗಳಿಗೆ; ಬೀದಿಬೀದಿಗೆ ವಿದ್ಯುತ್ತು ಹಂಚುವ ವ್ಯವಸ್ಥೆ ಅವುಗಳ ವ್ಯಾಪ್ತಿಯ ಹೊರಗೆ ಉಳಿಯಿತು. ಇತ್ತ ಯೂರೋಪಿನಲ್ಲಿ, ಲೋಕ ಕಂಡ ಮೊದಲ ದೊಡ್ಡ ದಾಳಿ ನಡೆದದ್ದು ಸರಿಯಾಗಿ ಅಂಥ ಕಡೆಯಲ್ಲಿಯೇ.

2015ರ ಡಿಸೆಂಬರ್ 23, ಕ್ರಿಸ್‌ಮಸ್ಸಿನ ಹೊತ್ತು. ಪಶ್ಚಿಮ ಉಕ್ರೇನಿನ ಇವಾನೋ-ಫ್ರಾಂಕಿವ್‌ಸ್ಕ್ ಪ್ರಾಂತಕ್ಕೆ ವಿದ್ಯುತ್ತು ಹಂಚುವ ಸಂಸ್ಥೆಯ ನೌಕರರು ತಮ್ಮ ಪರದೆಯ ಮೇಲಿನ ಬಾಣದ ಗುರುತು ತಾನಾಗಿಯೇ ಓಡಾಡುವುದನ್ನು ಕಂಡರು. ಅವರ ಕೈ ಅದಕ್ಕೆ ತಗುಲಿರಲಿಲ್ಲ. ಕಣ್ಣೆದುರಿಗೇ ಸಬ್‌ಸ್ಟೇಷನ್ನುಗಳ ಬ್ರೇಕರುಗಳು ಒಂದೊಂದಾಗಿ ತೆರೆದುಕೊಂಡು ಊರುಗಳು ಕತ್ತಲಾದವು. ಒಟ್ಟು ಮೂರು ಸಂಸ್ಥೆಗಳಲ್ಲಿ ಹೀಗೆ ನಡೆದು, ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ತು ನಿಂತಿತು. ದಾಳಿಗಾರರು ತಿಂಗಳುಗಳ ಹಿಂದೆಯೇ, ಕಚೇರಿಗೆ ಬಂದ ಸಾಧಾರಣ ಪತ್ರದಂತೆ ತೋರುವ ಇ-ಮೇಲಿನೊಳಗೆ ಅಡಗಿ ಒಳಹೊಕ್ಕು, ನೌಕರರ ಗುಪ್ತಪದಗಳನ್ನು ಕದ್ದು, ವ್ಯವಸ್ಥೆಯನ್ನೆಲ್ಲ ಅಭ್ಯಾಸ ಮಾಡಿದ್ದರು. ದೂರು ಹೇಳಬಂದವರ ಕರೆ ತಲುಪದಂತೆ ಟೆಲಿಫೋನು ಕೇಂದ್ರವನ್ನು ಸುಳ್ಳು ಕರೆಗಳಿಂದ ತುಂಬಿದರು. ಹೋಗುವಾಗ ಕಂಪ್ಯೂಟರುಗಳಲ್ಲಿದ್ದುದನ್ನು ಅಳಿಸಿ, ಸಬ್‌ಸ್ಟೇಷನ್ನಿಗೆ ಆಜ್ಞೆ ಮುಟ್ಟಿಸುವ ಉಪಕರಣಗಳನ್ನೂ ಕೆಡಿಸಿ ಹೋದರು.

ಇಷ್ಟಾದರೂ ಒಂದರಿಂದ ಆರು ಗಂಟೆಗಳೊಳಗೆ ದೀಪಗಳು ಮತ್ತೆ ಬೆಳಗಿದವು. ಬೆಳಗಿಸಿದವರು ಕಂಪ್ಯೂಟರ್ ಪಂಡಿತರಲ್ಲ. ಲೈನ್‌ಮನ್ನರು ಗಾಡಿಗಳಲ್ಲಿ ಸಬ್‌ಸ್ಟೇಷನ್ನಿನಿಂದ ಸಬ್‌ಸ್ಟೇಷನ್ನಿಗೆ ಹೋಗಿ ಕೈಯಿಂದಲೇ ಬ್ರೇಕರುಗಳನ್ನು ಹಾಕಿದರು. ಅಲ್ಲಿನ ಯಂತ್ರಗಳು ಹಳೆಯವಾಗಿದ್ದುದರಿಂದ ಕೈಯಿಂದ ನಡೆಸುವ ಏರ್ಪಾಡು ಉಳಿದಿತ್ತು. ಅದನ್ನು ಬಲ್ಲ ಜನರೂ ಉಳಿದಿದ್ದರು. ಹಿಂದುಳಿದದ್ದೆಂದು ಯಾರು ಬೇಕಾದರೂ ಹೇಳಬಹುದಾಗಿದ್ದ ವ್ಯವಸ್ಥೆ ಆ ಸಂಜೆ ರಕ್ಷಕವಾಯಿತು. ಮರುವರ್ಷದ ಡಿಸೆಂಬರ್ 17ರಂದು ಕೀವ್ ನಗರದ ಬಳಿಯ ದೊಡ್ಡ ಸಬ್‌ಸ್ಟೇಷನ್ನೊಂದರ ಮೇಲೆ ಮತ್ತೆ ದಾಳಿಯಾಯಿತು. ಈ ಸಲ ಆಜ್ಞೆ ಕೊಟ್ಟದ್ದು ಮನುಷ್ಯನ ಕೈಯೂ ಅಲ್ಲ, ಇದಕ್ಕೆಂದೇ ಬರೆದ ಪ್ರೋಗ್ರಾಮು. ಸುಮಾರು ಒಂದು ಗಂಟೆಯ ಕಾಲ ನಗರದ ಒಂದು ಭಾಗ ಕತ್ತಲಲ್ಲಿತ್ತು. ಈ ದಾಳಿಗಳ ಸಂಬಂಧವಾಗಿ 2020ರ ಅಕ್ಟೋಬರಿನಲ್ಲಿ ಅಮೆರಿಕದ ಸರಕಾರ ರಷ್ಯದ ಸೇನಾ ಗೂಢಚಾರ ಶಾಖೆಯ ಆರು ಅಧಿಕಾರಿಗಳ ಮೇಲೆ ದೋಷಾರೋಪ ಹೊರಿಸಿತು. ರಷ್ಯ ಅದನ್ನು ನಿರಾಕರಿಸಿತು.

ಇಲ್ಲಿಯವರೆಗಿನ ಕತೆ ದೊಡ್ಡ ಸಂಸ್ಥೆಗಳದ್ದು. ಈಗ ಗ್ರಿಡ್ಡಿನ ಸ್ವರೂಪವೇ ಬೇರೆಯಾಗುತ್ತಿದೆ. ಹಿಂದೆ ಜನ ಎಷ್ಟು ಬಳಸುತ್ತಾರೋ ಅಷ್ಟನ್ನು ವಿದ್ಯುದಾಗಾರ ಕೊಡುತ್ತಿತ್ತು. ಗಾಳಿ ಮತ್ತು ಬಿಸಿಲುಗಳು ನಮ್ಮ ಮಾತು ಕೇಳುವುದಿಲ್ಲ. ಆದ್ದರಿಂದ ಬಳಕೆಯೇ ಉತ್ಪಾದನೆಗೆ ತಕ್ಕಂತೆ ಬಾಗಬೇಕಾಗಿದೆ. ಬಿಸಿಲಿದ್ದಾಗ ಬ್ಯಾಟರಿ ತುಂಬುವುದು, ಸಂಜೆ ಬಳಕೆ ಹೆಚ್ಚಿದಾಗ ವಿದ್ಯುತ್ ಕಾರಿನ ಚಾರ್ಜು ನಿಲ್ಲಿಸುವುದು, ಮಾಳಿಗೆಯ ಫಲಕದ ಉತ್ಪಾದನೆಯನ್ನು ಏರಿಸುವುದು ಇಳಿಸುವುದು, ಇವೆಲ್ಲಕ್ಕೂ ಲಕ್ಷಾಂತರ ಉಪಕರಣಗಳಿಗೆ ಇಂಟರ್‌ನೆಟ್ಟಿನ ಮೂಲಕ ಆಜ್ಞೆ ಹೋಗಬೇಕು. ಈ ಬಾಗುವ ಗುಣವೇ ಹೊಸ ವ್ಯವಸ್ಥೆಯ ಬಲ. ಅಪಾಯದ ಮೂಲವೂ ಅದೇ. ಒಂದು ಮನೆಯ 3 ಕಿಲೋವ್ಯಾಟಿನ ಇನ್ವರ್ಟರು ನಿಂತರೆ ಗ್ರಿಡ್ಡಿಗೆ ಅದು ಲೆಕ್ಕಕ್ಕಿಲ್ಲ. ಒಂದೇ ಕಂಪನಿಯ ಒಂದೇ ಕೀಲಿಯಿಂದ ತೆರೆಯುವ ಅಂಥ ಹತ್ತು ಲಕ್ಷ ಇನ್ವರ್ಟರುಗಳು ಒಂದೇ ಕ್ಷಣ ನಿಂತರೆ 3,000 ಮೆಗಾವ್ಯಾಟು ಮಾಯವಾಗುತ್ತದೆ. ಯೂರೋಪು ಖಂಡದ ಗ್ರಿಡ್ಡು ಒಮ್ಮೆಲೇ ತಾಳಿಕೊಳ್ಳಬೇಕೆಂದು ಲೆಕ್ಕ ಹಾಕಿ ಮೀಸಲು ಇಟ್ಟುಕೊಂಡಿರುವುದು ಸರಿಯಾಗಿ ಅಷ್ಟೇ ನಷ್ಟಕ್ಕೆ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಸುಳಲು ನೋಡಿದ್ದು ಹೆಬ್ಬಾಗಿಲಿನಿಂದಲ್ಲ, ಒಂದು ಕಿಂಡಿಯಿಂದ. ಅಲ್ಲಿ ಓಬವ್ವ ಒನಕೆ ಹಿಡಿದು ನಿಂತಿದ್ದಳೆಂದು ಕನ್ನಡದ ಮಕ್ಕಳೆಲ್ಲ ಕೇಳಿ ಬಲ್ಲರು. ಇಂದಿನ ಗ್ರಿಡ್ಡಿಗೆ ಲಕ್ಷ ಲಕ್ಷ ಕಿಂಡಿಗಳು. ಅಲ್ಲಿ ನಿಲ್ಲುವವರು ಯಾರು?

ಈ ಪ್ರಶ್ನೆ ಬರಿಯ ಊಹೆಯದಲ್ಲ. 2022ರ ಫೆಬ್ರವರಿ 24ರಂದು, ಉಕ್ರೇನಿನ ಮೇಲೆ ದಂಡಯಾತ್ರೆ ಆರಂಭವಾದ ದಿನವೇ, ಒಂದು ಉಪಗ್ರಹ ಸಂಪರ್ಕದ ಜಾಲದ ಮೇಲೆ ದಾಳಿಯಾಯಿತು. ಅದರ ಪೆಟ್ಟು ಜರ್ಮನಿಯ ಕಂಪನಿಯೊಂದರ 5,800 ಗಾಳಿಯಂತ್ರಗಳ ದೂರನಿಯಂತ್ರಣಕ್ಕೆ ತಗುಲಿತು. ಯಂತ್ರಗಳು ತಮ್ಮಷ್ಟಕ್ಕೆ ತಾವು ತಿರುಗುತ್ತಲೇ ಇದ್ದುದರಿಂದ ದೀಪ ಆರಲಿಲ್ಲ. 2023ರ ಮೇ ತಿಂಗಳಲ್ಲಿ ಡೆನ್ಮಾರ್ಕಿನ 22 ಇಂಧನ ಸಂಸ್ಥೆಗಳ ಮೇಲೆ ದಾಳಿ ನಡೆಯಿತು. ಅವುಗಳಲ್ಲಿ ಅನೇಕ ಸಣ್ಣ ಸಂಸ್ಥೆಗಳು. ಅವುಗಳ ಬಾಗಿಲಲ್ಲಿ ಕಾವಲಿಗೆಂದು ಕೊಂಡು ತಂದ ಉಪಕರಣದಲ್ಲಿಯೇ ದೋಷವಿತ್ತು! ಕೆಲವು ಸಂಸ್ಥೆಗಳು ಹೊರಗಿನ ಸಂಪರ್ಕವನ್ನೆಲ್ಲ ಕಡಿದುಕೊಂಡು, ದ್ವೀಪದಂತೆ ಪ್ರತ್ಯೇಕವಾಗಿ ಕೆಲಸ ನಡೆಸಿ ಪಾರಾದವು.

ಯೂರೋಪಿನ ಒಕ್ಕೂಟ ಇದರಿಂದ ಪಾಠ ಕಲಿಯುತ್ತ ಬಂದಿದೆ. 2016ರ ಮೊದಲ ಕಟ್ಟಳೆಯನ್ನು 2022ರಲ್ಲಿ ಬಿಗಿಗೊಳಿಸಿ, ಭದ್ರತೆ ತಪ್ಪಿದರೆ ಆಡಳಿತ ಮಂಡಲಿಯವರೇ ಹೊಣೆಯೆಂದೂ, ದೊಡ್ಡ ಘಟನೆಯ ಮೊದಲ ಸೂಚನೆ 24 ಗಂಟೆಗಳೊಳಗೆ ಸರಕಾರಕ್ಕೆ ತಲುಪಬೇಕೆಂದೂ ವಿಧಿಸಿತು. 2024ರಲ್ಲಿ ವಿದ್ಯುತ್ತಿಗಾಗಿಯೇ ಪ್ರತ್ಯೇಕ ಸೈಬರ್ ಸಂಹಿತೆ ಬಂದಿತು. ಅದೇ ವರ್ಷ ಬಂದ ಇನ್ನೊಂದು ಕಾನೂನು, ಕಂಪ್ಯೂಟರ್ ಅಂಶವುಳ್ಳ ಉಪಕರಣವನ್ನು ಮಾರುವವರ ಮೇಲೆಯೇ ಅದರ ಭದ್ರತೆಯ ಹೊರೆಯನ್ನು ಇಟ್ಟಿತು. ಅದರ ಮುಖ್ಯ ವಿಧಿಗಳಿಗೆ 2027ರ ಡಿಸೆಂಬರ್ ಗಡುವು. ಕಿಂಡಿಯ ಪ್ರಶ್ನೆಗೆ ಇದುವರೆಗೆ ಸಿಕ್ಕ ಉತ್ತರಗಳಲ್ಲಿ ಇದು ವಿವೇಕದ್ದು. ಫಲಕ ಹಾಕಿಸಿದ ಗೃಹಸ್ಥ ರಾತ್ರಿಯೆಲ್ಲ ಕಾವಲು ಕೂರಲಾರ. ಬೀಗ ಮಾಡಿ ಮಾರಿದವನು ಅದು ಬೀಗವೆಂದು ಖಾತರಿ ಕೊಡಬೇಕು.

ನಮ್ಮ ದೇಶಕ್ಕೆ ಬರೋಣ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ಡು ಎರಡು ಸಲ ಕುಸಿದಾಗ ದಕ್ಷಿಣದಲ್ಲಿ ದೀಪ ಆರಲಿಲ್ಲ. ನಮ್ಮ ಗ್ರಿಡ್ಡು ಆಗ ಆ ಜಾಲದೊಡನೆ ಏಕತಾಳದಲ್ಲಿ ಸೇರಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ತಂತಿ ಆ ಬೆಸುಗೆ ಹಾಕಿತು. ಅಂದಿನಿಂದ ಕಾಶ್ಮೀರದ ದೀಪವೂ ಕನ್ಯಾಕುಮಾರಿಯ ದೀಪವೂ ಒಂದೇ ನಾಡಿಯ ಮೇಲೆ ಉರಿಯುತ್ತವೆ. ಮರುವರ್ಷವೇ ದೇಶದ ಅತಿಮುಖ್ಯ ಕಂಪ್ಯೂಟರ್ ವ್ಯವಸ್ಥೆಗಳ ರಕ್ಷಣೆಗೆ ಕೇಂದ್ರ ಸರಕಾರ ಒಂದು ಸಂಸ್ಥೆಯನ್ನು ನೇಮಿಸಿತು. 2020ರ ಅಕ್ಟೋಬರ್ 12ರಂದು ಮುಂಬಯಿ ನಗರ ಕತ್ತಲಾಗಿ ರೈಲುಗಳು ನಿಂತವು. ಅದರ ಹಿಂದೆ ಸೈಬರ್ ದಾಳಿಯ ಕೈವಾಡವಿರಬಹುದೆಂದು ಮರುವರ್ಷ ರಾಜ್ಯ ಸರಕಾರ ಹೇಳಿತು. ಅದು ಮನುಷ್ಯರ ತಪ್ಪೆಂದು ಕೇಂದ್ರದ ಸಚಿವರು ಹೇಳಿದರು. ಘಟನೆ ನಡೆದ ಮೇಲೆ ಕಾರಣವನ್ನು ನಿರ್ಣಯಿಸುವವರು ಯಾರೆಂಬುದೂ ಆಡಳಿತದ ಒಂದು ಪ್ರಶ್ನೆಯೇ. 2021ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ವಿದ್ಯುತ್ ಕ್ಷೇತ್ರಕ್ಕೆಂದೇ ಮಾರ್ಗಸೂಚಿ ಹೊರಡಿಸಿ, ಪ್ರತಿಯೊಂದು ಸಂಸ್ಥೆಯೂ ಭದ್ರತೆಗೆ ಒಬ್ಬ ಹೊಣೆಗಾರ ಅಧಿಕಾರಿಯನ್ನು ನೇಮಿಸಬೇಕು, ಉಪಕರಣಗಳನ್ನು ನಂಬಿಕೆಯ ಮೂಲಗಳಿಂದಲೇ ಕೊಳ್ಳಬೇಕು ಎಂದಿತು. 2022ರಲ್ಲಿ ಬಂದ ಇನ್ನೊಂದು ಆಜ್ಞೆ, ಸೈಬರ್ ಘಟನೆಯನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ವಿಧಿಸಿತು.

ಪಾವಗಡದ ಸೌರ ಉದ್ಯಾನ 2,050 ಮೆಗಾವ್ಯಾಟಿನದು. ಅದಕ್ಕೆ ಬೇಲಿಯುಂಟು, ಅಧಿಕಾರಿಗಳುಂಟು. ಮನೆಗೆ 3 ಕಿಲೋವ್ಯಾಟಿನಂತೆ ಅಷ್ಟೇ ಶಕ್ತಿ ಮಾಳಿಗೆಗಳಿಂದ ಬರಬೇಕಾದರೆ ಸುಮಾರು ಏಳು ಲಕ್ಷ ಮನೆಗಳು ಬೇಕು. 2024ರಲ್ಲಿ ಆರಂಭವಾದ ಕೇಂದ್ರದ ಯೋಜನೆಯ ಗುರಿ ಒಂದು ಕೋಟಿ ಮನೆಗಳು. ಇದು ಹೆದರಿ ಹಿಂಜರಿಯಬೇಕಾದ ವಿಷಯವಲ್ಲ. ಬಿಸಿಲಿನಿಂದ ಬೆಳಕು ಪಡೆಯುವುದು ಸಂತೋಷದ ಸಂಗತಿಯೇ. ಆದರೆ ಕಾವಲಿನ ಏರ್ಪಾಡು ಫಲಕಗಳ ಜೊತೆಯಲ್ಲಿಯೇ ಮಾಳಿಗೆ ಹತ್ತಬೇಕು.

ಆರು ದಶಕಗಳ ಈ ಕತೆಯಿಂದ ಮೂರು ಮಾತು ತಿಳಿದುಬರುತ್ತವೆ. ಹೊಣೆ ಯಾರದೆಂಬುದು ಕಾನೂನಿನಲ್ಲಿ ಹೆಸರು ಹೇಳಿ ಬರೆದಿರಬೇಕು. ಅವರವರ ಇಷ್ಟಕ್ಕೆ ಬಿಟ್ಟರೆ ಯಾರೂ ತಮ್ಮ ಹೆಸರು ಬರೆಸಿಕೊಳ್ಳುವುದಿಲ್ಲ. ಒಬ್ಬರ ಮನೆಗೆ ಕಳ್ಳ ಬಂದರೆ ಆ ಸುದ್ದಿ ನೆರೆಯವರಿಗೆ ಕೂಡಲೆ ಮುಟ್ಟಬೇಕು. ಮಾನಕ್ಕೆ ಅಂಜಿ ಮುಚ್ಚಿಟ್ಟರೆ ಕೇರಿಯೆಲ್ಲ ಕಳೆದುಕೊಳ್ಳುತ್ತದೆ. ಮೂರನೆಯದು, ಎಷ್ಟೇ ಜಾಣ ಯಂತ್ರಗಳು ಬಂದರೂ ಅವಿಲ್ಲದೆ ಕೆಲಸ ನಡೆಸಬಲ್ಲ ಕೈಗಳನ್ನು ಉಳಿಸಿಕೊಂಡಿರಬೇಕು. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯೂ ಊರಿನ ಕುಡಿಯುವ ನೀರೂ ವಿದ್ಯುತ್ತನ್ನೇ ನೆಚ್ಚಿರುವಾಗ, ಕೈಯಿಂದ ಬ್ರೇಕರು ಹಾಕಬಲ್ಲ ಲೈನ್‌ಮನ್ನನ ಹುದ್ದೆ ಖರ್ಚು ಉಳಿಸಲೆಂದು ತೆಗೆದುಹಾಕತಕ್ಕದ್ದಲ್ಲ.