ಕಾರ್ವೇರ್ ಮೋಟಾರು: ಒಂದು ಅಪವಾದದ ಚರಿತ್ರೆ

ಮನುಷ್ಯರಿಗೆ ಹೇಗೆ ಕೀರ್ತಿ ಅಪಕೀರ್ತಿಗಳುಂಟೋ ಹಾಗೆಯೇ ಮನುಷ್ಯನ ಕೈಯಿಂದ ಹುಟ್ಟಿದ ವಸ್ತುಗಳಿಗೂ ಉಂಟು. ಒಮ್ಮೆ ತಲೆಗೇರಿದ ಅಪವಾದವನ್ನು ಇಳಿಸಿಕೊಳ್ಳುವುದು ಮಾತು ಬಲ್ಲ ಮನುಷ್ಯನಿಗೇ ದುಸ್ಸಾಧ್ಯವಾಗಿರುವಲ್ಲಿ, ಬಾಯಿಲ್ಲದ ಯಂತ್ರದ ಪಾಡನ್ನು ಹೇಳತಕ್ಕುದೇನು? ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 1959ರಿಂದ 1969ರವರೆಗೆ ತಯಾರಾಗಿ, ಕೆಟ್ಟ ಹೆಸರನ್ನು ಹೊತ್ತು ನಿಂತುಹೋದ ಕಾರ್ವೇರ್ ಎಂಬ ಮೋಟಾರು ಬಂಡಿಯ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಈ ಲೇಖಕನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕೊಂಚ ತರ್ಕವನ್ನೂ ಕಲಿತು, ಬಳಿಕ ಮಕ್ಕಳಿಗೆ ಪಾಠ ಹೇಳುತ್ತ ಕಾಲವನ್ನು ಕಳೆದವನು. ಆದರೆ ನಮ್ಮ ತಾರ್ಕಿಕರು ಹಾಕಿಕೊಟ್ಟ ಒಂದು ಕ್ರಮವಿದೆ: ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳಬೇಕು, ಅನಂತರ ಪರೀಕ್ಷಿಸಬೇಕು, ಕಡೆಗೆ ಸಿದ್ಧಾಂತಕ್ಕೆ ಬರಬೇಕು. ಈ ಕ್ರಮವು ಮೋಟಾರು ಬಂಡಿಗೂ ಸಲ್ಲುವುದೆಂದು ನಂಬಿ ಈ ಪ್ರಬಂಧವನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಳೆದ ಶತಮಾನದ ಆರನೆಯ ದಶಕದಲ್ಲಿ ಅಮೆರಿಕೆಯ ಮೋಟಾರುಗಳು ವರ್ಷದಿಂದ ವರ್ಷಕ್ಕೆ ಉದ್ದವೂ ಭಾರವೂ ಆಗುತ್ತ ನಡೆದಿದ್ದುವು. ಅದೇ ಕಾಲದಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಎಂಬ ಚಿಕ್ಕ ಬಂಡಿಯು ಸಮುದ್ರವನ್ನು ದಾಟಿ ಬಂದು ಅಲ್ಲಿಯ ಗೃಹಸ್ಥರ ಮನಸ್ಸನ್ನು ಸೆಳೆಯಿತು. ದೊಡ್ಡ ಕಾರ್ಖಾನೆಯವರು ಎಚ್ಚತ್ತು 1960ರ ಸಾಲಿಗಾಗಿ ಚಿಕ್ಕ ಬಂಡಿಗಳನ್ನು ಸಿದ್ಧಪಡಿಸಿದರು. ಫೋರ್ಡ್ ಸಂಸ್ಥೆಯವರ ಫಾಲ್ಕನ್, ಕ್ರೈಸ್ಲರ್ ಸಂಸ್ಥೆಯವರ ವೇಲಿಯಂಟ್ ಇವೆರಡೂ ಹಳೆಯ ಮಾರ್ಗವನ್ನೇ ಹಿಡಿದು, ಇಂಜಿನನ್ನು ಮುಂದಿಟ್ಟು, ನೀರಿನಿಂದ ತಣಿಸಿ, ಹಿಂದಿನ ಗಾಲಿಗಳನ್ನು ತಿರುಗಿಸುವ ಬಂಡಿಗಳಾಗಿದ್ದುವು. ಜನರಲ್ ಮೋಟರ್ಸ್ ಸಂಸ್ಥೆಯ ಷೆವ್ರೊಲೆ ಶಾಖೆಯವರು ಮಾತ್ರ ಯಾರೂ ನಿರೀಕ್ಷಿಸದ ದಾರಿಯನ್ನು ಹಿಡಿದರು. ಆ ಶಾಖೆಯ ಅಧಿಪತಿಯಾಗಿದ್ದ ಎಡ್ ಕೋಲ್ ಎಂಬವನು ಸ್ವತಃ ಯಂತ್ರಶಿಲ್ಪಿ. ಅವನ ಛಲದಿಂದಲೇ ಕಾರ್ವೇರ್ ಹುಟ್ಟಿತೆಂದರೆ ಅತಿಶಯೋಕ್ತಿಯಾಗದು.

ಆ ಬಂಡಿಯ ಲಕ್ಷಣಗಳು ಹೀಗಿದ್ದುವು. ಇಂಜಿನು ಹಿಂಭಾಗದಲ್ಲಿ. ಅದರಲ್ಲಿ ಆರು ಸಿಲಿಂಡರುಗಳು, ಒಂದು ಕಡೆ ಮೂರು, ಎದುರುಕಡೆ ಮೂರರಂತೆ ಮಲಗಿಸಿದವು. ಅದರ ಬಹುಭಾಗವು ಅಲ್ಯುಮಿನಿಯಮ್ ಲೋಹದ್ದು. ತಣಿಸುವುದಕ್ಕೆ ನೀರಿಲ್ಲ, ಬೀಸಣಿಗೆಯ ಗಾಳಿಯೇ ಸಾಕು. ಆದುದರಿಂದ ಶೀತದೇಶದಲ್ಲಿ ನೀರು ಹೆಪ್ಪುಗಟ್ಟುವ ಭಯವಾಗಲಿ, ಬೇಸಗೆಯಲ್ಲಿ ಕುದಿಯುವ ಭಯವಾಗಲಿ ಇರಲಿಲ್ಲ. ಭಾರವೆಲ್ಲ ಹಿಂದಿನ ಗಾಲಿಗಳ ಮೇಲಿದ್ದುದರಿಂದ ಹಿಮದ ಮೇಲೆಯೂ ಬಂಡಿಯು ಜಾರದೆ ಹತ್ತುತ್ತಿತ್ತು. ಮುಂಭಾಗವು ಹಗುರವಾದುದರಿಂದ ಚುಕ್ಕಾಣಿಯು ಬೆರಳ ತುದಿಗೆ ತಿರುಗುತ್ತಿತ್ತು. ನಾಲ್ಕು ಗಾಲಿಗಳೂ ಒಂದರ ಹಂಗಿಲ್ಲದೆ ಇನ್ನೊಂದು ಏರಿ ಇಳಿಯುವಂತೆ ತೂಗುಹಾಕಲ್ಪಟ್ಟಿದ್ದುವು. 'ಮೋಟರ್ ಟ್ರೆಂಡ್' ಎಂಬ ಪತ್ರಿಕೆಯವರು 1960ರ ಶ್ರೇಷ್ಠ ಬಂಡಿಯೆಂದು ಇದನ್ನೇ ಆರಿಸಿದರು.

ವ್ಯಾಪಾರದಲ್ಲಿ ಫಾಲ್ಕನ್ ಇದನ್ನು ಹಿಂದೆ ಹಾಕಿತು. ಮಿತವ್ಯಯಿಗಳಾದ ಗೃಹಸ್ಥರಿಗೆ ಪರಿಚಿತವಾದ ಯಂತ್ರವೇ ಹಿತವಾಯಿತು. ಆದರೆ 1960ರಲ್ಲಿಯೇ ಹೊರಬಂದ ಮೊಂಜಾ ಎಂಬ ಕಾರ್ವೇರ್, ಬಿಡಿಬಿಡಿ ಆಸನಗಳನ್ನೂ ಸೊಗಸಾದ ಒಳಾಂಗಣವನ್ನೂ ಪಡೆದು ತರುಣರನ್ನು ಮೋಹಗೊಳಿಸಿತು. ಚಿಕ್ಕ ಬಂಡಿಯು ಬಡವನ ಬಂಡಿಯೇ ಆಗಿರಬೇಕಾಗಿಲ್ಲವೆಂಬುದನ್ನು ಅಮೆರಿಕೆಯ ಪೇಟೆಗೆ ತೋರಿಸಿಕೊಟ್ಟದ್ದು ಈ ಮೊಂಜಾ. ಇದರ ಪಾಠವನ್ನು ಕಲಿತ ಫೋರ್ಡ್ ಸಂಸ್ಥೆಯವರು ಫಾಲ್ಕನ್‌ನ ಅಂಗಾಂಗಗಳನ್ನು ಬಳಸಿ 1964ರ ಏಪ್ರಿಲಿನಲ್ಲಿ ಮಸ್ಟಾಂಗ್ ಬಂಡಿಯನ್ನು ಹೊರಡಿಸಿ ಅಪಾರವಾದ ಲಾಭವನ್ನು ಪಡೆದರು. ಹೊರಹೋಗುವ ಹೊಗೆಯ ಬಲದಿಂದಲೇ ಒಂದು ಚಕ್ರವನ್ನು ತಿರುಗಿಸಿ ಇಂಜಿನಿಗೆ ಹೆಚ್ಚು ಗಾಳಿಯನ್ನು ತುಂಬುವ ಟರ್ಬೋ ಉಪಾಯವನ್ನು ಸಾಮಾನ್ಯರಿಗೆ ಮಾರುವ ಮೋಟಾರಿನಲ್ಲಿ ಮೊಟ್ಟಮೊದಲು ಅಳವಡಿಸಿದ್ದು 1962ರಲ್ಲಿ. ಅಂಥ ಎರಡು ಬಂಡಿಗಳಲ್ಲಿ ಒಂದು ಕಾರ್ವೇರ್. ಇದರ ಸೊಂಟವನ್ನು ಸುತ್ತುವರಿದ ಗೆರೆಯ ಅಂದವನ್ನು ಜರ್ಮನಿಯ ಎನ್‌ಎಸ್‌ಯು ಪ್ರಿನ್ಸ್, ಇಂಗ್ಲೆಂಡಿನ ಹಿಲ್ಮನ್ ಇಂಪ್ ಮೊದಲಾದ ಯೂರೋಪಿನ ಬಂಡಿಗಳಲ್ಲಿ ಇಂದಿಗೂ ಗುರುತಿಸಬಹುದು.

ಗುಣವನ್ನು ಹೇಳಿದ್ದಾಯಿತು, ಇನ್ನು ದೋಷವನ್ನು ಹೇಳೋಣ. ಮೊದಲ ವರ್ಷಗಳ ಕಾರ್ವೇರ್‌ನಲ್ಲಿ ಹಿಂದಿನ ಎರಡು ಗಾಲಿಗಳ ಅಚ್ಚುಗಳು ನಡುವಿನ ಪೆಟ್ಟಿಗೆಯ ಬಳಿಯಲ್ಲಿ ಮಾತ್ರ ಮಡಿಚಿಕೊಳ್ಳುತ್ತಿದ್ದುವು. ಗಾಲಿಯು ಏರಿಳಿದಂತೆಲ್ಲ ಅದರ ಓರೆಯೂ ಬದಲಾಗುತ್ತಿತ್ತು. ವೇಗವಾಗಿ ಹೋಗುವ ಬಂಡಿಯನ್ನು ತಟ್ಟನೆ ತಿರುಗಿಸಿದಾಗ, ಹೊರಮಗ್ಗುಲಿನ ಗಾಲಿಯು ಒಳಕ್ಕೆ ಮಡಿಚಿ, ನೆಲದ ಹಿಡಿತವನ್ನು ಬಿಟ್ಟುಕೊಟ್ಟು, ಬಂಡಿಯ ಹಿಂಭಾಗವು ಬೀಸಿ ಹೋಗುವ ಸಂಭವವಿತ್ತು. ಭಾರವು ಹಿಂದಿರುವ ಬಂಡಿಯಲ್ಲಿ ಇದು ಮತ್ತಷ್ಟು ಅಪಾಯಕರ. ಇದನ್ನು ಬಲ್ಲ ಶಿಲ್ಪಿಗಳು ಒಂದು ಪರಿಹಾರವನ್ನು ಸೂಚಿಸಿದ್ದರು: ಮುಂದಿನ ಟೈರುಗಳಲ್ಲಿ ಚದರ ಅಂಗುಲಕ್ಕೆ 15 ಪೌಂಡು, ಹಿಂದಿನವುಗಳಲ್ಲಿ 26 ಪೌಂಡು ಗಾಳಿಯ ಒತ್ತಡವಿರಬೇಕು. ಬಂಡಿಯ ಜೊತೆಗೆ ಕೊಡುವ ಪುಸ್ತಕದಲ್ಲಿ ಹಾಗೆ ಅಚ್ಚಾಗಿತ್ತು. ಆದರೆ ಆ ಪುಸ್ತಕವನ್ನು ಓದುವವರಾರು? ಪೆಟ್ರೋಲು ಬಂಕಿನ ಹುಡುಗನು ಬೇರೆ ಬಂಡಿಗಳಿಗೆ ತುಂಬುವಂತೆ ನಾಲ್ಕಕ್ಕೂ ಸಮನಾಗಿ ಗಾಳಿ ತುಂಬಿದನೆಂದರೆ ಶಿಲ್ಪಿಯ ಎಚ್ಚರಿಕೆಯೆಲ್ಲ ವ್ಯರ್ಥವಾಯಿತು. ಬಂಡಿಯ ಓಲಾಟವನ್ನು ತಡೆಯುವ ಒಂದು ಉಕ್ಕಿನ ಸಲಾಕೆಯನ್ನು ಮುಂಭಾಗಕ್ಕೆ ಹಾಕಿದ್ದರೆ ಬಹಳ ಅನುಕೂಲವಾಗುತ್ತಿತ್ತು. ಅಲ್ಪ ಹಣದ ಉಳಿತಾಯಕ್ಕಾಗಿ ಅದನ್ನು ಬಿಟ್ಟುಬಿಟ್ಟಿದ್ದರು. ಇದು ಶಿಲ್ಪದ ದೋಷವೆನ್ನುವುದಕ್ಕಿಂತ ಲೋಭದ ದೋಷವೆನ್ನುವುದೇ ಯುಕ್ತ.

ಅಪಘಾತಗಳಾದುವು, ಜನರು ನ್ಯಾಯಸ್ಥಾನಕ್ಕೆ ಹೋದರು, 1965ರ ವೇಳೆಗೆ ನೂರಕ್ಕೂ ಮೇಲ್ಪಟ್ಟು ದಾವೆಗಳಿದ್ದುವು. ಆ ವರ್ಷದ ನವಂಬರಿನಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲನು 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಎಂಬ ಗ್ರಂಥವನ್ನು ಪ್ರಕಟಿಸಿದನು. ಯಾವ ವೇಗದಲ್ಲಿಯೂ ಕ್ಷೇಮವಿಲ್ಲವೆಂಬುದು ಆ ಹೆಸರಿನ ಭಾವ. ಅದರ ಮೊದಲನೆಯ ಅಧ್ಯಾಯವು ಕಾರ್ವೇರನ್ನು ಕುರಿತದ್ದು. ಉಳಿದ ಅಧ್ಯಾಯಗಳು ಅಮೆರಿಕೆಯ ಮೋಟಾರು ಉದ್ಯಮವನ್ನೆಲ್ಲ ಕುರಿತವು. ಚಾಲಕನ ಎದೆಗೆ ಚುಚ್ಚುವ ಚುಕ್ಕಾಣಿಯ ಕಂಬ, ಕಣ್ಣು ಕುಕ್ಕುವ ಹೊಳಪು, ಸುರಕ್ಷತೆಗಿಂತ ಅಲಂಕಾರಕ್ಕೆ ಕೊಟ್ಟ ಪ್ರಾಧಾನ್ಯ ಇವೆಲ್ಲವನ್ನೂ ಅವನು ಖಂಡಿಸಿದ್ದನು. ಆದರೆ ಲೋಕವು ನೆನಪಿನಲ್ಲಿಟ್ಟುಕೊಂಡದ್ದು ಮೊದಲ ಅಧ್ಯಾಯವನ್ನು ಮಾತ್ರ.

ಇಲ್ಲಿ ಕಾರ್ಖಾನೆಯವರು ಮಾಡಿದ ತಪ್ಪು ಬಂಡಿಯ ದೋಷಕ್ಕಿಂತ ದೊಡ್ಡದು. ಆರೋಪಕ್ಕೆ ಉತ್ತರವನ್ನು ಕೊಡುವುದಕ್ಕೆ ಬದಲಾಗಿ ಅವರು ಆರೋಪಿಸಿದವನ ಖಾಸಗಿ ಬಾಳನ್ನು ಶೋಧಿಸುವುದಕ್ಕೆ ಗೂಢಚಾರರನ್ನು ಬಿಟ್ಟರು. ವಾದವನ್ನು ಬಿಟ್ಟು ವಾದಿಯನ್ನು ಹೊಡೆಯುವುದನ್ನು ಯಾವ ಶಾಸ್ತ್ರವೂ ಒಪ್ಪದು. ವಿಷಯವು ಬಯಲಾಗಿ, 1966ರ ಮಾರ್ಚಿ ತಿಂಗಳಲ್ಲಿ ಸಂಸ್ಥೆಯ ಅಧ್ಯಕ್ಷನಾದ ಜೇಮ್ಸ್ ರೋಚ್ ಎಂಬವನು ಸೆನೆಟ್ ಸಭೆಯ ಉಪಸಮಿತಿಯ ಮುಂದೆ ನಿಂತು ಕ್ಷಮೆ ಕೇಳಬೇಕಾಯಿತು. ನೇಡರನು ಹೂಡಿದ ದಾವೆಯನ್ನು ಸಂಸ್ಥೆಯವರು 1970ರಲ್ಲಿ 4,25,000 ಡಾಲರುಗಳನ್ನು ಕೊಟ್ಟು ಬಗೆಹರಿಸಿಕೊಂಡರು. 1966ರ ಸೆಪ್ಟೆಂಬರಿನಲ್ಲಿ ರಾಷ್ಟ್ರಾಧ್ಯಕ್ಷ ಜಾನ್ಸನ್ ಅವರ ಅಂಕಿತದಿಂದ ಮೋಟಾರು ಸುರಕ್ಷತೆಯ ಶಾಸನವು ಜಾರಿಗೆ ಬಂದಿತು. ಅದರಿಂದ ಉಳಿದ ಪ್ರಾಣಗಳು ಅಸಂಖ್ಯಾತ. ಈ ಪುಣ್ಯದಲ್ಲಿ ನೇಡರನ ಭಾಗವನ್ನು ಕಾರ್ವೇರ್‌ನ ಅಭಿಮಾನಿಗಳೂ ಅಲ್ಲಗಳೆಯಲಾರರು.

ಇದು ಪೂರ್ವಪಕ್ಷ. ಇನ್ನು ಪರೀಕ್ಷೆ. ಮೊದಲನೆಯದಾಗಿ, ಗ್ರಂಥವು ಹೊರಬಂದಾಗ ಅದು ಹೇಳಿದ ದೋಷವು ಹೊಸ ಬಂಡಿಗಳಲ್ಲಿ ಇರಲೇ ಇಲ್ಲ. 1964ರ ಸಾಲಿನಲ್ಲಿಯೇ ಮುಂದಿನ ಸಲಾಕೆಯನ್ನೂ ಹಿಂದೆ ಅಡ್ಡಪಟ್ಟಿಯ ಒಂದು ಸ್ಪ್ರಿಂಗನ್ನೂ ಸೇರಿಸಿದ್ದರು. 1965ರ ಸಾಲಿನಲ್ಲಿ ಹಿಂಭಾಗದ ತೂಗುವ್ಯವಸ್ಥೆಯನ್ನೇ ಹೊಸದಾಗಿ ರಚಿಸಿ, ಗಾಲಿಯು ಮಡಿಚುವುದನ್ನು ತಪ್ಪಿಸಿ, ನೋಡುವುದಕ್ಕೂ ಬಹು ಸುಂದರವಾದ ಬಂಡಿಯನ್ನು ಮಾಡಿದ್ದರು. ಎರಡನೆಯದಾಗಿ, ಅದೇ ಬಗೆಯ ಅಚ್ಚುಗಳು ಫೋಕ್ಸ್‌ವ್ಯಾಗನ್ ಮೊದಲಾದ ಯೂರೋಪಿನ ಹಲವು ಬಂಡಿಗಳಲ್ಲಿಯೂ ಇದ್ದುವು. ಮೂರನೆಯದಾಗಿ, ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆಯವರು 1963ರ ಕಾರ್ವೇರನ್ನು ಫಾಲ್ಕನ್, ವೇಲಿಯಂಟ್, ಫೋಕ್ಸ್‌ವ್ಯಾಗನ್ ಮತ್ತು ಫ್ರಾನ್ಸಿನ ರೆನೋ ಬಂಡಿಗಳೊಡನೆ ಓಡಿಸಿ, ತಿರುಗಿಸಿ, ಪರೀಕ್ಷಿಸಿದರು. 1972ರ ಜುಲೈ ತಿಂಗಳಲ್ಲಿ ಪ್ರಕಟವಾದ ವರದಿಯ ಸಾರವಿಷ್ಟು: 1960ರಿಂದ 1963ರವರೆಗಿನ ಕಾರ್ವೇರ್‌ಗಳಿಗೆ ಹತೋಟಿ ತಪ್ಪುವ ಅಥವಾ ಮಗುಚುವ ಅಸಾಧಾರಣವಾದ ಪ್ರವೃತ್ತಿಯಿಲ್ಲ, ಸಮಕಾಲೀನವಾದ ಕೆಲವು ಬಂಡಿಗಳಿಗೆ ಅವು ಕಡಮೆಯಲ್ಲ.

ವರದಿಯ ಮಾತನ್ನು ಹಿಗ್ಗಿಸಬಾರದು. ಕೆಲವಕ್ಕೆ ಕಡಮೆಯಲ್ಲವೆಂದರೆ ಎಲ್ಲಕ್ಕಿಂತ ಮೇಲೆಂದು ಅರ್ಥವಲ್ಲ. ನೇಡರನೂ ಆ ವರದಿಯನ್ನು ಒಪ್ಪಲಿಲ್ಲ. ಆದರೆ ಯಾವ ಬಂಡಿಯನ್ನು ಲೋಕವು ಮೃತ್ಯುವಿನ ರಥವೆಂದು ಬಗೆದಿತ್ತೋ ಅದು ತನ್ನ ಕಾಲದ ಇತರ ಬಂಡಿಗಳಂತೆಯೇ ಗುಣದೋಷಗಳ ಮಿಶ್ರಣವಾಗಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ.

ತೀರ್ಪು ಬಂದಾಗ ಬಂಡಿಯೇ ಇರಲಿಲ್ಲ. 1965ರಲ್ಲಿ 2,30,000ಕ್ಕೂ ಮೇಲ್ಪಟ್ಟು ತಯಾರಾಗಿದ್ದುದು ಮರುವರ್ಷ ಲಕ್ಷದ ಸಮೀಪಕ್ಕೆ ಇಳಿಯಿತು. 1969ರ ಸಾಲಿನಲ್ಲಿ ತಯಾರಾದುವು ಬರಿಯ 6,000. ಇದಕ್ಕೆಲ್ಲ ನೇಡರನ ಗ್ರಂಥವೊಂದೇ ಕಾರಣವೆನ್ನುವುದು ಸರಿಯಲ್ಲ. ಮಸ್ಟಾಂಗ್ ಬಂಡಿಯು ತರುಣ ಗಿರಾಕಿಗಳನ್ನು ಮೊದಲೇ ಸೆಳೆದುಕೊಂಡಿತ್ತು. ಷೆವ್ರೊಲೆಯವರೇ 1966ರಲ್ಲಿ ಕಮಾರೋ ಎಂಬ ಪ್ರತಿಸ್ಪರ್ಧಿಯನ್ನು ಹೊರಡಿಸಿ, ಕಾರ್ವೇರನ್ನು ಸುಧಾರಿಸುವುದನ್ನು ಬಿಟ್ಟುಬಿಟ್ಟರು. ಹೆತ್ತವರೇ ಕೈಬಿಟ್ಟ ಕೂಸಿನಂತೆ ಅದು ಸೊರಗಿತು. ಮಿಷಿಗನ್ ಪ್ರಾಂತದ ವಿಲೋ ರನ್ ಕಾರ್ಖಾನೆಯಿಂದ 1969ರ ಮೇ 14ರಂದು ಕಡೆಯ ಕಾರ್ವೇರ್ ಹೊರಬಂದಿತು. ಒಟ್ಟು ತಯಾರಾದವು ಸುಮಾರು 18 ಲಕ್ಷ.

ಅದೇ 1969ರಲ್ಲಿ ಈ ಬಂಡಿಯ ಅಭಿಮಾನಿಗಳು ಕೂಡಿ 'ಕಾರ್ವೇರ್ ಸೊಸೈಟಿ ಆಫ್ ಅಮೆರಿಕಾ' ಎಂಬ ಸಂಘವನ್ನು ಸ್ಥಾಪಿಸಿದರು. ಮಾರುವವನು ಕೈಬಿಟ್ಟ ವರ್ಷವೇ ಕೊಂಡವನು ಕೈಹಿಡಿದನು! ಆ ಸಂಘವು ಇಂದಿಗೂ ಇದ್ದು, ಅಭಿಮಾನಿಗಳು ತಮ್ಮ ತಮ್ಮ ಬಂಡಿಗಳನ್ನು ಓಡಿಸಿಕೊಂಡು ಬಂದು ವರ್ಷಕ್ಕೊಮ್ಮೆ ಸಮ್ಮೇಳನದಲ್ಲಿ ಕೂಡುತ್ತಾರೆ. ಇವರ ಅಭಿಮಾನದ ರೀತಿಯು ವಿಚಾರಯೋಗ್ಯವಾದುದು. ಅವರು ದೋಷವನ್ನು ಮುಚ್ಚಿಡುವುದಿಲ್ಲ. ಹೊಸದಾಗಿ ಬಂಡಿಯನ್ನು ಕೊಂಡವನಿಗೆ ಟೈರಿನ ಒತ್ತಡದ ಲೆಕ್ಕವನ್ನು ಮರೆಯದೆ ಕಲಿಸುತ್ತಾರೆ. ಇಂಜಿನಿನ ನಿಂತ ಚಕ್ರದಿಂದ ಮಲಗಿದ ಬೀಸಣಿಗೆಗೆ ಸುತ್ತು ತಿರುಗಿ ಹೋಗುವ ಒಂದೇ ಪಟ್ಟಿಯಿದೆ. ಅದು ಕಳಚಿದರೆ ಇಂಜಿನು ಕಾಯುತ್ತದೆ. ಆದಕಾರಣ ಮತ್ತೊಂದು ಪಟ್ಟಿಯನ್ನೂ ಅದನ್ನು ಹಾಕುವ ಸಲಕರಣೆಯನ್ನೂ ಜೊತೆಯಲ್ಲಿಟ್ಟುಕೊಂಡೇ ಹೊರಡಬೇಕೆಂದು ಎಚ್ಚರಿಸುತ್ತಾರೆ. ಎಣ್ಣೆ ಸೋರುವ ಕಡೆಗಳಲ್ಲಿ ಹಳೆಯ ರಬ್ಬರು ಬಳೆಗಳನ್ನು ತೆಗೆದು, ಶಾಖಕ್ಕೆ ತಾಳುವ ಹೊಸ ಬಳೆಗಳನ್ನು ಹಾಕುವ ಕ್ರಮವನ್ನು ತೋರಿಸುತ್ತಾರೆ. ಕಾರ್ಖಾನೆಯವರು ಪುಸ್ತಕದ ಮೂಲೆಯಲ್ಲಿ ಅಚ್ಚುಹಾಕಿ ಸುಮ್ಮನಾದುದನ್ನು ಇವರು ಬಾಯಿಬಿಟ್ಟು ಹೇಳುತ್ತಾರೆ. ಮೊದಲೇ ಹೀಗೆ ಹೇಳುವವರಿದ್ದಿದ್ದರೆ ಎಷ್ಟು ಮನೆಗಳ ದುಃಖವು ತಪ್ಪುತ್ತಿತ್ತೋ!

ಇಲ್ಲಿ ಈ ಲೇಖಕನ ಒಂದು ಸ್ವಂತ ಸಂಗತಿಯನ್ನು ಹೇಳಿದರೆ ವಾಚಕರು ಮನ್ನಿಸಬೇಕು. ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಮೊದಲ ವರ್ಷ ವ್ಯಾಕರಣದಲ್ಲಿ ಹೆಜ್ಜೆಹೆಜ್ಜೆಗೆ ತಪ್ಪಿ ದಡ್ಡನೆಂದು ಹೆಸರಾದನು. ಮರುವರ್ಷ ಸಮಾಸವನ್ನು ಬಿಡಿಸಲು ಕೊಟ್ಟ ಪ್ರಶ್ನೆಗೆ ಅವನು ಬರೆದ ಉತ್ತರವು ಪೂರ್ಣವಾಗಿ ಸರಿಯಾಗಿದ್ದಿತು. ನಕಲು ಮಾಡಿರಬೇಕೆಂದು ನಾನು ಅಂಕಗಳನ್ನು ಕಳೆದೆನು. ಅವನು ತಲೆ ತಗ್ಗಿಸಿಕೊಂಡು ಹೋದನು. ಅದೇ ಉತ್ತರವನ್ನು ಅವನು ತನ್ನ ಅಭ್ಯಾಸದ ಪುಸ್ತಕದಲ್ಲಿ ಹತ್ತು ಬಾರಿ ತಿದ್ದಿ ತಿದ್ದಿ ಬರೆದಿದ್ದುದು ಬಹಳ ದಿನಗಳ ಮೇಲೆ ನನ್ನ ಕಣ್ಣಿಗೆ ಬಿದ್ದಿತು. ಅಷ್ಟರಲ್ಲಿ ಅವನು ಶಾಲೆಯನ್ನು ಬಿಟ್ಟಿದ್ದನು. ಮೊದಲ ವರ್ಷದ ನನ್ನ ತೀರ್ಪು ಸುಳ್ಳಲ್ಲ. ಆದರೆ ಎರಡನೆಯ ವರ್ಷದ ಹುಡುಗನಿಗೆ ಅದು ಸಲ್ಲತಕ್ಕುದಾಗಿರಲಿಲ್ಲ.

ಸಿದ್ಧಾಂತವೂ ಇಷ್ಟೇ. ನೇಡರನು ದೋಷವನ್ನು ಎತ್ತಿ ಆಡಿದುದು ಲೋಕಕ್ಕೆ ಹಿತವೇ ಆಯಿತು. ಮಾಡಿದವರು ಲೋಭದಿಂದ ದೋಷವನ್ನು ಉಳಿಸಿ, ಆಮೇಲೆ ತಿದ್ದಿ, ತಿದ್ದಿದುದಕ್ಕೆ ಫಲ ಬರುವ ಮುನ್ನವೇ ಕೈಬಿಟ್ಟರು. ಲೋಕವು ಹಳೆಯ ಹೆಸರಿನಿಂದಲೇ ಹೊಸ ಬಂಡಿಯನ್ನೂ ಅಳೆಯಿತು. ದೋಷವನ್ನು ಅದರ ಪ್ರಮಾಣದಲ್ಲಿ ಅರಿತು, ಗುಣವನ್ನು ಅದರ ಪ್ರಮಾಣದಲ್ಲಿ ಮೆಚ್ಚಿದವರು ಆ ಅಭಿಮಾನಿಗಳು ಮಾತ್ರ. ತಮ್ಮ ಮನೆಯ ಕೊಟ್ಟಿಗೆಗಳಲ್ಲಿ ಕುಳಿತು, ಕೈಗೆ ಎಣ್ಣೆ ಮೆತ್ತಿಕೊಂಡು, ಅವರು ನ್ಯಾಯಶಾಸ್ತ್ರದ ಕೆಲಸವನ್ನೇ ಮಾಡುತ್ತಿದ್ದಾರೆ.