ಘಟಪ್ರಭಾ ಸೀಮೆಯ ಮಾತು ಮತ್ತು ಮುಕ್ತ ವಾಕ್ ತಂತ್ರಜ್ಞಾನದ ಇತಿಹಾಸ

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಮತ್ತು ಈಚಿನವರೆಗೆ ಗೋಕಾಕ ತಾಲ್ಲೂಕಿಗೇ ಸೇರಿದ್ದ ಮೂಡಲಗಿ, ಈ ಮೂರೂ ಘಟಪ್ರಭಾ ನದಿಯ ಸೀಮೆಗೆ ಸೇರಿದ ತಾಲ್ಲೂಕುಗಳು. 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದ ಈ ಸೀಮೆಯ ಕನ್ನಡವು ಮರಾಠಿಯ ನೆರೆಯಲ್ಲಿ ಬೆಳೆದು, ಪಠ್ಯಪುಸ್ತಕದ ಕನ್ನಡಕ್ಕಿಂತ ಬೇರೆಯಾದ ಉಚ್ಚಾರಣೆಯನ್ನೂ ಕ್ರಿಯಾಪದಗಳ ರೂಪಗಳನ್ನೂ ಉಳಿಸಿಕೊಂಡು ಬಂದಿದೆ. ಕೈಕಾಲುಗಳ ಸ್ವಾಧೀನವಿಲ್ಲದೆ ಕೀಲಿಮಣೆಯನ್ನು ಒತ್ತಲಾಗದ ವ್ಯಕ್ತಿಗೆ ಗಣಕಯಂತ್ರದೊಂದಿಗೆ ವ್ಯವಹರಿಸಲು ಮಾತೊಂದೇ ದಾರಿಯಾಗಿರುವಾಗ, ಆ ಯಂತ್ರಕ್ಕೆ ಯಾವ ಕನ್ನಡ ಬರುತ್ತದೆ, ಅದನ್ನು ಯಾರು ಕಲಿಸಿದರು, ಕಲಿಸಿದ್ದು ಯಾರ ಸ್ವತ್ತಾಯಿತು ಎಂಬ ಪ್ರಶ್ನೆಗಳು ಇಂಥ ಸೀಮೆಯಲ್ಲಿ ಬಹಳ ಮುಖ್ಯವಾಗುತ್ತವೆ.

ವಾಕ್ ತಂತ್ರಜ್ಞಾನವೆಂಬ ಹೆಸರಿನಡಿ ಎರಡು ಬೇರೆ ಬೇರೆ ವಿದ್ಯೆಗಳಿವೆ. ಬರಹವನ್ನು ಓದಿ ಹೇಳುವುದು ಒಂದಾದರೆ, ಆಡಿದ ಮಾತನ್ನು ಕೇಳಿ ಬರಹಕ್ಕಿಳಿಸುವುದು ಇನ್ನೊಂದು. ಮೊದಲನೆಯದು ದೃಷ್ಟಿಯಿಲ್ಲದವರಿಗೂ ದನಿ ಕಳೆದುಕೊಂಡವರಿಗೂ ಬೇಕು. ಎರಡನೆಯದು ಕೈ ಬಳಸಲಾಗದವರಿಗೆ ಬೇಕು. ಮುಕ್ತ ತಂತ್ರಾಂಶವೆಂದರೆ ತನ್ನ ಒಳಗಿನ ಬರವಣಿಗೆಯನ್ನು, ಅಂದರೆ ಆಕರ ಸಂಕೇತವನ್ನು, ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಪರವಾನಗಿಯಲ್ಲಿ ಬಿಡುಗಡೆಯಾದ ತಂತ್ರಾಂಶ. ಕನ್ನಡದಲ್ಲಿ ಓದುವ ವಿದ್ಯೆ ಮೊದಲು ಬಂದಿತು, ಕೇಳುವ ವಿದ್ಯೆ ಬಹಳ ತಡವಾಗಿ ಬಂದಿತು.

ಓದುವ ವಿದ್ಯೆಯ ಆರಂಭವನ್ನು ಬೆಂಗಳೂರಿನಲ್ಲಿ ಗುರುತಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ಶತಮಾನದ ತಿರುವಿನಲ್ಲಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಅಗ್ಗದ ಗಣಕಕ್ಕೆ, ಓದಲು ಬಾರದವರೂ ಬಳಸುವಂತಾಗಲೆಂದು ಭಾರತೀಯ ಭಾಷೆಗಳಲ್ಲಿ ಮಾತನಾಡುವ ಶಕ್ತಿ ಬೇಕಾಗಿತ್ತು. ಅದಕ್ಕಾಗಿ ರಮೇಶ್ ಹರಿಹರನ್ ಅವರು ಆರಂಭಿಸಿದ ‘ಧ್ವನಿ’ ಎಂಬ ತಂತ್ರಾಂಶವು ಮುಕ್ತ ಪರವಾನಗಿಯಲ್ಲಿ ಹೊರಬಂದಿತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ಅದರೊಳಗಿನ ‘ಧ್ವನಿ’ ಅದರೊಂದಿಗೆ ಅಳಿಯಲಿಲ್ಲ. ಕೇರಳದ ಸಂತೋಷ್ ತೋಟ್ಟಿಙ್ಙಲ್ ಅದನ್ನು ಕೈಗೆತ್ತಿಕೊಂಡು ಹಲವು ಭಾಷೆಗಳಿಗೆ ವಿಸ್ತರಿಸಿದರು. ಒಡೆತನದ ತಂತ್ರಾಂಶವಾಗಿದ್ದರೆ ಯಂತ್ರದ ಜೊತೆಗೆ ಅದೂ ಮಣ್ಣುಪಾಲಾಗುತ್ತಿತ್ತು ಎಂಬುದನ್ನು ಈ ಇತಿಹಾಸ ಬರೆಯುವವರು ಮರೆಯಬಾರದು.

ಇದೇ ಕಾಲಕ್ಕೆ ಹೊರದೇಶಗಳಲ್ಲಿ ನಡೆದ ಕೆಲಸವೂ ಕನ್ನಡಕ್ಕೆ ಒದಗಿಬಂದಿತು. ಇಂಗ್ಲೆಂಡಿನ ಜೊನಾಥನ್ ಡಡಿಂಗ್‌ಟನ್ ರೂಪಿಸಿದ ‘ಇಸ್ಪೀಕ್’ ಎಂಬ ಪುಟ್ಟ ತಂತ್ರಾಂಶವು ಮನುಷ್ಯನ ದನಿಯ ಧ್ವನಿಮುದ್ರಣವನ್ನು ಅವಲಂಬಿಸದೆ ಸ್ವರಗಳ ಅನುರಣನವನ್ನು ಗಣಿತದಿಂದಲೇ ಕಟ್ಟುವುದರಿಂದ, ಭಾಷೆಯ ಉಚ್ಚಾರಣಾ ನಿಯಮಗಳನ್ನು ಬರೆದುಕೊಟ್ಟರೆ ಹೊಸ ಭಾಷೆಯನ್ನು ಆಡಬಲ್ಲದು. ಹಾಗೆಯೇ ಅದಕ್ಕೆ ಕನ್ನಡವೂ ಸೇರಿತು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ದೃಷ್ಟಿಯಿಲ್ಲದ ಮೈಕೇಲ್ ಕರನ್ ಆರಂಭಿಸಿದ ‘ಎನ್‌ವಿಡಿಎ’ ಎಂಬ ಉಚಿತ ಪರದೆ-ಓದುಗದೊಳಗೆ ಇದೇ ಇಸ್ಪೀಕ್ ಅಡಕವಾದುದರಿಂದ, ಹಣ ತೆರದೆ ಕನ್ನಡ ಪುಟವನ್ನು ಕೇಳಿ ತಿಳಿಯುವುದು ಸಾಧ್ಯವಾಯಿತು. ದನಿ ಲೋಹದಂತೆ ಒರಟಾಗಿದ್ದರೂ ಅದರ ಉಪಕಾರ ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯವು ಕನ್ನಡಕ್ಕೆ ಹೆಚ್ಚು ಸಹಜವಾದ ದನಿಯ ಓದುಗವನ್ನು ರೂಪಿಸಿತು.

ಮಾತನಾಡಲಾಗದವರ ಪಾಲಿಗೆ ಯಂತ್ರವೇ ದನಿಯಾಗಬಹುದೆಂಬುದನ್ನು ಲೋಕಕ್ಕೆ ತೋರಿಸಿದವರು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್. ಅವರ ಪ್ರಸಿದ್ಧ ದನಿಯು ಅಮೆರಿಕದ ಡೆನಿಸ್ ಕ್ಲಾಟ್ ತಮ್ಮ ದನಿಯನ್ನೇ ಆಧಾರವಾಗಿಟ್ಟು ಕಟ್ಟಿದ್ದು. ಕ್ಲಾಟ್ ಗಂಟಲಿನ ಕ್ಯಾನ್ಸರಿನಿಂದ ಸ್ವಂತ ದನಿಯನ್ನೇ ಕಳೆದುಕೊಂಡು 1988ರಲ್ಲಿ ತೀರಿಕೊಂಡರು. ಕೆನ್ನೆಯ ಒಂದು ಸ್ನಾಯುವಿನ ಮಿಡಿತದಿಂದ ಹಾಕಿಂಗ್ ಅಕ್ಷರ ಆರಿಸುತ್ತಿದ್ದ ವ್ಯವಸ್ಥೆಯನ್ನು ಇಂಟೆಲ್ ಸಂಸ್ಥೆ 2015ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು.

ಕೇಳುವ ವಿದ್ಯೆ ಇಷ್ಟು ಸುಲಭವಾಗಿ ಬರಲಿಲ್ಲ. ಓದುವ ಯಂತ್ರಕ್ಕೆ ಒಬ್ಬರ ದನಿ ಸಾಕು, ಕೇಳುವ ಯಂತ್ರಕ್ಕೆ ಸಾವಿರಾರು ಜನರ ದನಿಯೂ ಆ ಮಾತುಗಳ ಬರಹರೂಪವೂ ಬೇಕು. ಅಮೆರಿಕದ ‘ಸ್ಫಿಂಕ್ಸ್’, 2011ರಲ್ಲಿ ಬಿಡುಗಡೆಯಾದ ‘ಕಾಲ್ಡಿ’ ಮುಂತಾದ ಮುಕ್ತ ಸಲಕರಣೆಗಳು ಇದ್ದರೂ ಅವುಗಳಿಗೆ ಉಣಿಸಲು ಕನ್ನಡದ ದನಿಸಂಗ್ರಹ ಇರಲಿಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದ ಸಂಶೋಧಕರು ರಾಜ್ಯದ ರೈತರ ದನಿಗಳನ್ನು ದೂರವಾಣಿಯ ಮೂಲಕ ಸಂಗ್ರಹಿಸಿ, ಕಾಲ್ಡಿಯ ನೆರವಿನಿಂದ ಕೃಷಿ ಉತ್ಪನ್ನಗಳ ದರ ತಿಳಿಸುವ ವ್ಯವಸ್ಥೆಯೊಂದನ್ನು ಕಟ್ಟಿದ್ದು ಈ ದಾರಿಯ ಮುಖ್ಯ ಮಜಲು. ಅನಂತರ ವಿಜ್ಞಾನ ಸಂಸ್ಥೆಯ ರಾಮಕೃಷ್ಣನ್ ಅವರ ತಂಡವು ಸುಮಾರು 350 ಗಂಟೆಗಳ ಕನ್ನಡ ವಾಚನದ ಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟಿತು. ಮದ್ರಾಸಿನ ಐಐಟಿಯ ‘ಎಐ4ಭಾರತ್’ ಕೇಂದ್ರವು ಕನ್ನಡವೂ ಸೇರಿದಂತೆ ದೇಶದ ಹಲವು ಭಾಷೆಗಳಿಗೆ ಕೇಳುವ ಮಾದರಿಗಳನ್ನು, ಅಂದರೆ ಮಾತನ್ನು ಗುರುತಿಸಲು ತರಬೇತಿ ಪಡೆದ ತಂತ್ರಾಂಶಗಳನ್ನು, ಮುಕ್ತವಾಗಿ ನೀಡಿತು.

ಆದರೆ ಓದಿ ಹೇಳಿದ ಕನ್ನಡವೇ ಬೇರೆ, ಆಡುವ ಕನ್ನಡವೇ ಬೇರೆ. ‘ಮನೆಯಲ್ಲಿ ಇದೆ’ ಎಂದು ಕಲಿತ ಯಂತ್ರಕ್ಕೆ ಗೋಕಾಕದವರ ‘ಮನ್ಯಾಗ ಐತಿ’ ಅಪರಿಚಿತ. ‘ಬರುತ್ತಿದ್ದೇನೆ’ ಎಂಬುದನ್ನು ಬಲ್ಲ ಯಂತ್ರವು ‘ಬರಾಕತ್ತೇನಿ’ ಎಂಬುದನ್ನು ತನ್ನ ಪದಕೋಶದಲ್ಲಿ ಕಾಣದೆ ತನಗೆ ತಿಳಿದಿರುವ, ಹತ್ತಿರದಂತೆ ತೋರುವ ಬೇರೆ ಪದವನ್ನು ಬರೆಯುತ್ತದೆ. ಕೈಯಿಂದ ತಿದ್ದಬಲ್ಲವನಿಗೆ ಇದು ಕಿರಿಕಿರಿಯಷ್ಟೇ. ತಿದ್ದಲು ಕೈಯಿಲ್ಲದವನಿಗೆ ಇದು ಸಲಕರಣೆಯೇ ಇಲ್ಲವೆಂಬುದಕ್ಕೆ ಸಮ. ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಅಥವಾ ಲಕ್ವದ ಆಘಾತದಿಂದ ನಾಲಗೆ, ತುಟಿಗಳ ಸ್ನಾಯುಗಳೂ ದುರ್ಬಲಗೊಂಡಾಗ ಉಂಟಾಗುವ ‘ಡಿಸಾರ್ಥ್ರಿಯಾ’ ಎಂಬ ಉಚ್ಚಾರಣಾ ದೋಷದಲ್ಲಿ ತೊಡಕು ಇಮ್ಮಡಿಯಾಗುತ್ತದೆ. ಕನ್ನಡದಲ್ಲಿ ಹ್ರಸ್ವ-ದೀರ್ಘಗಳ ಅಂತರವೇ ಅರ್ಥವನ್ನು ಬೇರ್ಪಡಿಸುವುದರಿಂದ, ನಿಧಾನವಾಗಿ ಎಳೆದು ಮಾತನಾಡುವವರ ‘ಬಳಿ’ ಯಂತ್ರದ ಕಿವಿಗೆ ‘ಬಾಳಿ’ ಆಗುತ್ತದೆ: ಅವರು ಹೇಳಿದ್ದು ಬಳೆ, ಯಂತ್ರ ಬರೆದದ್ದು ಬಾಳೆ. ಮನೆಯವರಿಗೆ ಈ ಮಾತು ತಿಳಿಯುತ್ತದೆ, ಏಕೆಂದರೆ ಅವರು ಆ ಒಬ್ಬ ವ್ಯಕ್ತಿಯ ಲಯಕ್ಕೆ ಕಿವಿಯನ್ನು ಹದಗೊಳಿಸಿಕೊಂಡಿರುತ್ತಾರೆ. ಯಂತ್ರಕ್ಕೂ ಹಾಗೆಯೇ ಆ ಒಬ್ಬರ ದನಿಯನ್ನು ಕೇಳಿಸಿ ಮರುತರಬೇತಿ ಕೊಡಬಹುದು. ಆದರೆ ಮಾದರಿಯು ಕೈಯಲ್ಲಿ ಇದ್ದರೆ ಮಾತ್ರ, ಅಂದರೆ ಅದು ಮುಕ್ತವಾಗಿದ್ದರೆ ಮಾತ್ರ, ಅದು ಸಾಧ್ಯ. ಮುಕ್ತತೆಯ ನಿಜವಾದ ಬೆಲೆ ಉಚಿತವಾಗಿ ದೊರೆಯುವುದರಲ್ಲಿ ಅಲ್ಲ, ಈ ತಿದ್ದುವ ಅಧಿಕಾರದಲ್ಲಿದೆ.

ಈ ಕೊರತೆಯ ಕಡೆಗೆ ಇಟ್ಟ ದೊಡ್ಡ ಹೆಜ್ಜೆ ‘ವಾಣಿ’ ಯೋಜನೆ. ಭಾರತೀಯ ವಿಜ್ಞಾನ ಸಂಸ್ಥೆ, ಅದರ ಅಂಗವಾದ ಆರ್ಟ್‌ಪಾರ್ಕ್ ಮತ್ತು ಗೂಗಲ್ 2022ರಲ್ಲಿ ಪ್ರಕಟಿಸಿದ ಈ ಯೋಜನೆಯು ಭಾಷೆಯ ಬದಲು ಜಿಲ್ಲೆಯನ್ನು ಘಟಕವಾಗಿ ತೆಗೆದುಕೊಂಡಿತು; ಬರೆದ ವಾಕ್ಯವನ್ನು ಓದಿಸುವುದರ ಬದಲು ಚಿತ್ರವೊಂದನ್ನು ತೋರಿಸಿ ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳುವಂತೆ ಜನರನ್ನು ಕೇಳಿತು. ಚಿತ್ರಕ್ಕೆ ಶಿಷ್ಟಭಾಷೆಯ ಹಂಗಿಲ್ಲದ್ದರಿಂದ ಹೇಳುವವರ ಬಾಯಲ್ಲಿ ಊರಿನ ಕನ್ನಡವೇ ಬರುತ್ತದೆ. ಮೊದಲ ಹಂತದ 80 ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದಾಗಿ, ಆ ದನಿಗಳು ಮುಕ್ತ ಪರವಾನಗಿಯಲ್ಲಿ ಪ್ರಕಟವಾದವು.

ತಂತ್ರಜ್ಞಾನದ ಒಡೆತನದ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. 1885ರಲ್ಲಿ ಸ್ಥಾಪನೆಯಾದ ಗೋಕಾಕದ ನೂಲಿನ ಗಿರಣಿಯು ಅಲ್ಲಿನ ಜಲಪಾತದ ಬಲವನ್ನು ಒಂದು ಕಂಪನಿಯ ಯಂತ್ರಗಳಿಗೆ ಕಟ್ಟಿಹಾಕಿತು. 1969ರಲ್ಲಿ ಆರಂಭವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ವಿದ್ಯುತ್ತಿನ ವಿತರಣೆಯನ್ನು ಬಳಕೆದಾರರೇ ಸದಸ್ಯರಾದ ಸಂಸ್ಥೆಯ ಕೈಗೆ ಕೊಟ್ಟಿತು, ಮತ್ತು ರಾಜ್ಯದಲ್ಲಿ ಆ ರೀತಿಯ ಏಕೈಕ ಸಂಘವಾಗಿ ಉಳಿಯಿತು. ಮುಕ್ತ ದನಿಸಂಗ್ರಹವನ್ನು ಹುಕ್ಕೇರಿಯ ಈ ಮೇಲ್ಪಂಕ್ತಿಯ ಬೆಳಕಿನಲ್ಲಿ ನೋಡುವುದು ಉಚಿತ: ದನಿ ಕೊಟ್ಟವರು ಆ ದನಿಯಿಂದ ಹುಟ್ಟಿದ ಸಲಕರಣೆಯ ಪಾಲುದಾರರೂ ಆಗಬೇಕು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಮಾತು ಮತ್ತು ಭಾಷೆಯ ದೋಷಗಳನ್ನು ತನ್ನ 21 ವಿಧಗಳಲ್ಲಿ ಸೇರಿಸಿಕೊಂಡಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ತಮ್ಮ ಊರಿನ ಇಂಥ ವ್ಯಕ್ತಿಗಳ ಪರಿಚಯವಿದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಉಚ್ಚಾರಣಾ ದೋಷಗಳನ್ನು ಬಲ್ಲ ತಜ್ಞರಿದ್ದಾರೆ. ಈ ಇಬ್ಬರನ್ನೂ ಕೂಡಿಸಿಕೊಂಡು, ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯ ಅಂಗವಿಕಲರ ದನಿಗಳನ್ನು ಅವರ ಒಪ್ಪಿಗೆಯೊಂದಿಗೆ, ತಕ್ಕ ಸಂಭಾವನೆ ಕೊಟ್ಟು, ಮುಕ್ತ ಪರವಾನಗಿಯಲ್ಲಿ ಸಂಗ್ರಹಿಸುವ ಕೆಲಸವನ್ನು ಜಿಲ್ಲಾಡಳಿತವೂ ಬೆಳಗಾವಿಯ ವಿಶ್ವವಿದ್ಯಾಲಯಗಳೂ ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.